ಸ್ಟೇಟಸ್‌ನಲ್ಲಿ ಹಾಡು, ಠಾಣೆಯಲ್ಲಿ ಹಿಂಬರಹ

ಪಂಚಾಯಿತಿ ಚುನಾವಣೆ ಹತ್ತಿರ ಬಂದರೆ ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾದಂಥ ಊರುಗಳಲ್ಲಿ ಮಚ್ಚು-ಲಾಂಗಿನ ಸಿನಿಮಾ ಹಾಡುಗಳು ವಾಟ್ಸಾಪ್ ಸ್ಟೇಟಸ್‌ಗೆ ಏರುತ್ತವೆ. ಮೇಲೆ ಎದುರಾಳಿಯ ಫೋಟೊ, ಕೆಳಗೆ ತಲೆ ತೆಗೆಯುವ ಸಾಲು. ಕೇಳಿದರೆ, ‘ಸೆನ್ಸಾರ್ ಪಾಸಾದ ಹಾಡು, ನಾನೇನು ಬರೆದದ್ದಲ್ಲ’ ಎಂಬ ಉತ್ತರ. ಈ ಉತ್ತರ ಕಾನೂನಿನ ಮುಂದೆ ನಿಲ್ಲದು. ಸೆನ್ಸಾರ್ ಮಂಡಳಿ ಒಪ್ಪಿದ್ದು ಸಿನಿಮಾ ಕಥೆಯೊಳಗಿನ ಹಾಡನ್ನು; ಅದನ್ನು ಓಣಿಯವನ ಹೆಸರಿಗೆ ಅಂಟಿಸಲು ಅದು ಯಾರಿಗೂ ಪರವಾನಗಿ ಕೊಟ್ಟಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ ನೋಡುವುದು ಹೆದರಿಸುವ ಉದ್ದೇಶವಿತ್ತೇ ಎಂಬುದನ್ನು. ಕೊಲೆ ಅಥವಾ ತೀವ್ರ ಗಾಯದ ಬೆದರಿಕೆಯಾದರೆ 7 ವರ್ಷದವರೆಗೆ ಶಿಕ್ಷೆಯಾಗಬಹುದು.

ಹಾಗಾದರೆ ಅಭಿಮಾನಿಗಳು ಹಾಕುವ ಹಾಡೆಲ್ಲ ಅಪರಾಧವೇ? ಅಲ್ಲ. ಬೆಂಗಳೂರು ಸಂಚಾರ ಪೊಲೀಸರ ಫೇಸ್‌ಬುಕ್ ಪುಟದಲ್ಲಿ ಸಿಟ್ಟಿನಿಂದ ಬರೆದವರ ಮೇಲಿನ ಎಫ್‌ಐಆರನ್ನು 2015ರಲ್ಲಿ ಮಾಣಿಕ್ ತನೇಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು. ದಿಗಿಲು ಹುಟ್ಟಿಸುವ ಉದ್ದೇಶವಿಲ್ಲದ ಬರೀ ಮಾತು ಸಾಲದು ಎಂದಿತು. ಕಾಂಗ್ರೆಸ್ ಸಂಸದ ಇಮ್ರಾನ್ ಪ್ರತಾಪಗಢಿ ಹಂಚಿಕೊಂಡ ಕವಿತೆಯ ಮೇಲಿನ ಗುಜರಾತ್ ಎಫ್‌ಐಆರನ್ನೂ 2025ರ ಮಾರ್ಚ್‌ನಲ್ಲಿ ಅದೇ ಕೋರ್ಟ್ ರದ್ದುಪಡಿಸಿತು. ಅಲ್ಲಿ ಕಲಂಗಳು ಬೇರೆ, ಆದರೆ ಪದಗಳನ್ನು ಅಳುಕು ಮನಸ್ಸಿನವರ ಕಣ್ಣಿನಿಂದ ಅಳೆಯಬಾರದು ಎಂಬ ಮಾತು ಇಲ್ಲಿಗೂ ಸಲ್ಲುತ್ತದೆ. ಸಾಲಿನ ಜೊತೆ ಹೆಸರು, ಮನೆಯ ಗುರುತು, ಹಳೆ ಜಗಳ, ‘ನಾಮಪತ್ರ ವಾಪಸ್ ತಗೋ’ ಎಂಬ ತಾಕೀತು ಸೇರಿದಾಗಲೇ ಹಾಡು ಬೆದರಿಕೆಯ ಕಡೆ ವಾಲುವುದು. ದೂರಿನಲ್ಲಿ ಇವನ್ನೇ ಬರೆಯಬೇಕು. ಠಾಣೆ ಮುಂದಿನ ದಲ್ಲಾಳಿಗಳು ದುಡ್ಡು ಎಣಿಸಿಕೊಂಡು ‘ಜೀವ ಬೆದರಿಕೆ ಹಾಕಿರುತ್ತಾರೆ’ ಎಂದು ಒಂದೇ ಸಾಲು ಗೀಚಿಕೊಡುತ್ತಾರೆ. ಕೇಸು ಅಲ್ಲೇ ಅರ್ಧ ಸೋತಿರುತ್ತದೆ.

ಜನ ಅತಿ ಹೆಚ್ಚು ಕಳೆದುಕೊಳ್ಳುವುದು ಇದರ ಮುಂದಿನ ಹೆಜ್ಜೆಯಲ್ಲಿ. ಬೆದರಿಕೆಯ ಈ ಅಪರಾಧ ಅಸಂಜ್ಞೇಯ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ದೂರನ್ನು ಪುಸ್ತಕದಲ್ಲಿ ದಾಖಲಿಸಿ ದೂರುದಾರರನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕಳಿಸಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 174ನೇ ಕಲಂ ಹೇಳುತ್ತದೆ. ಇದನ್ನು ಬಾಯಿಬಿಟ್ಟು ಹೇಳುವ ಸೌಜನ್ಯ ಎಷ್ಟು ಠಾಣೆಗಳಿಗಿದೆ? ಕೈಗೊಂದು ಹಿಂಬರಹ ಕೊಟ್ಟು ‘ಕರೆಸಿ ಬುದ್ಧಿ ಹೇಳ್ತೀವಿ’ ಎನ್ನುತ್ತಾರೆ; ಕೇಸಾಯಿತೆಂದು ನಂಬಿದವರು ತಿಂಗಳುಗಟ್ಟಲೆ ಕಾಯುತ್ತಾರೆ. ಆ ಹಿಂಬರಹ ಹಿಡಿದು ನೇರ ಲಿಂಗಸುಗೂರಿನ ನ್ಯಾಯಾಲಯಕ್ಕೆ ಹೋಗಿ. ತನಿಖೆಗೆ ಅನುಮತಿ ಸಿಕ್ಕರೂ ಆದೇಶ ಓದಿ ನೋಡಿ: ಕಾರಣವಿಲ್ಲದೆ ಬರೀ ‘ಅನುಮತಿಸಿದೆ’ ಎಂದಿದ್ದ ಕಾರಣಕ್ಕೇ ಕರ್ನಾಟಕ ಹೈಕೋರ್ಟ್ ಎಷ್ಟೋ ಪ್ರಕರಣಗಳನ್ನು ರದ್ದುಪಡಿಸಿದೆ. ದೂರುದಾರರು ಪರಿಶಿಷ್ಟ ಜಾತಿ, ಪಂಗಡದವರಾಗಿದ್ದು, ಬೆದರಿಸಿದವರು ಪರಿಶಿಷ್ಟರಲ್ಲದಿದ್ದು, ಸಾರ್ವಜನಿಕವಾಗಿ ಜಾತಿ ನಿಂದನೆಯೂ ಸೇರಿದ್ದರೆ ದಾರಿಯೇ ಬೇರೆ; ದೌರ್ಜನ್ಯ ತಡೆ ಕಾಯ್ದೆಯಡಿ ಠಾಣೆಯಲ್ಲೇ ಎಫ್‌ಐಆರ್ ಆಗಬೇಕು, ಕೋರ್ಟಿಗೆ ಹೋಗೆಂದು ಸಾಗಹಾಕುವಂತಿಲ್ಲ. ವಕೀಲರ ಶುಲ್ಕಕ್ಕೆ ಹೆದರಬೇಡಿ: ಮಹಿಳೆಯರಿಗೆ, ಪರಿಶಿಷ್ಟರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವಿದೆ, 15100ಕ್ಕೆ ಕರೆ ಮಾಡಿ. ಆದರೆ ಇದೆಲ್ಲಕ್ಕೂ ಮೊದಲು, ಸ್ಟೇಟಸ್ 24 ಗಂಟೆಯಲ್ಲಿ ಅಳಿಯುತ್ತದೆ. ನಂಬರ್, ಸಮಯ ಕಾಣುವಂತೆ ಅದನ್ನು ಉಳಿಸಿಕೊಳ್ಳಿ, ಆ ಫೋನನ್ನು ಮಾರಬೇಡಿ.