*ಗರ್ಭಿಣಿಯರು ಹೇಗೆ ಮಲಗಬೇಕು? ಹೇಗೆ ಕೂರಬೇಕು?*

ನಾನು ಹೃದ್ರೋಗ ತಜ್ಞ, ಹೆರಿಗೆ ಡಾಕ್ಟರ್ ಅಲ್ಲ. ಆದರೂ ಇದನ್ನು ಬರೆಯಲು ಕಾರಣವಿದೆ.

ಎಂಟು ತಿಂಗಳ ಗರ್ಭಿಣಿಯೊಬ್ಬರು ನನ್ನ ಬಳಿ ಬಂದಿದ್ದರು. ಮಲಗಿದರೆ ತಲೆಸುತ್ತು, ಬೆವರು, ಎದೆ ಡವಡವ. ಇಸಿಜಿ, ಎಕೋ ಎರಡೂ ಸರಿಯಿದ್ದವು. "ಹೇಗೆ ಮಲಗ್ತೀರಮ್ಮ?" ಎಂದೆ. "ಅಂಗಾತ, ಡಾಕ್ಟ್ರೇ. ಹೊರಳಿದರೆ ಮಗುವಿಗೆ ಹೊಕ್ಕುಳಬಳ್ಳಿ ಸುತ್ತಿಕೊಳ್ಳುತ್ತೆ ಅಂತಾರೆ ಮನೇಲಿ."

ಇದು ತಪ್ಪು ನಂಬಿಕೆ. ತಾಯಿ ಹೊರಳುವುದರಿಂದ ಬಳ್ಳಿ ಸುತ್ತಿಕೊಳ್ಳುವುದಿಲ್ಲ. ಆದರೆ ಅಂಗಾತ ಮಲಗಿದಾಗ, ಕಾಲು ಮತ್ತು ಹೊಟ್ಟೆಯಿಂದ ಹೃದಯಕ್ಕೆ ರಕ್ತ ತರುವ ದೊಡ್ಡ ರಕ್ತನಾಳದ ಮೇಲೆ ಗರ್ಭಕೋಶದ ಭಾರ ಬೀಳುತ್ತದೆ. ಹೃದಯಕ್ಕೆ ಬರುವ ರಕ್ತ ಕಡಿಮೆಯಾಗಿ ಬಿಪಿ ಇಳಿಯಬಹುದು. ಮಗುವಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ.

*1. ಮಲಗುವುದು:* 28 ವಾರ ತುಂಬಿದ ಮೇಲೆ ರಾತ್ರಿಯಾಗಲಿ, ಮಧ್ಯಾಹ್ನವಾಗಲಿ ಮಗ್ಗುಲಾಗಿ ಮಲಗಿ. ಎಡವಾದರೂ ಸರಿ, ಬಲವಾದರೂ ಸರಿ. ಮಂಡಿಗಳ ನಡುವೆ ದಿಂಬು ಇಟ್ಟುಕೊಳ್ಳಿ. ಎಚ್ಚರವಾದಾಗ ಅಂಗಾತ ಇದ್ದರೆ ಹೆದರಬೇಡಿ, ಮಗ್ಗುಲು ಬದಲಿಸಿ ನಿದ್ದೆ ಮಾಡಿ.

*2. ಕೂರುವುದು:* ಸೋಫಾದಲ್ಲಿ ಹಿಂದಕ್ಕೆ ಕುಸಿದು ಕೂರುವ ಬದಲು, ಮಂಡಿ ಸೊಂಟಕ್ಕಿಂತ ಸ್ವಲ್ಪ ಕೆಳಗಿರುವಂತೆ ನೆಟ್ಟಗೆ ಕುಳಿತರೆ ಬೆನ್ನಿಗೆ ಆರಾಮ.

*3. ಮಗು ತಿರುಗಲು ವ್ಯಾಯಾಮ:* ಮಗುವಿನ ಬೆನ್ನು ತಾಯಿಯ ಬೆನ್ನಿನ ಕಡೆ ಇದ್ದರೆ ಹೆರಿಗೆ ನಿಧಾನವಾಗಬಹುದು. ಅದಕ್ಕೆ ಕೈ-ಮಂಡಿ ಊರಿ ಸೊಂಟ ಆಡಿಸಲು ಹೇಳುವ ವಿಡಿಯೋಗಳಿವೆ. ಆಸ್ಟ್ರೇಲಿಯಾದಲ್ಲಿ 2,500ಕ್ಕೂ ಹೆಚ್ಚು ಗರ್ಭಿಣಿಯರ ಮೇಲೆ ಇದನ್ನು ಪರೀಕ್ಷಿಸಿ 2004ರಲ್ಲಿ ವರದಿ ಮಾಡಿದರು. 37ನೇ ವಾರದಿಂದ ದಿನಕ್ಕೆ ಎರಡು ಬಾರಿ 10 ನಿಮಿಷ ಮಾಡಿದರೂ ಹೆರಿಗೆ ವೇಳೆಗೆ ಮಗುವಿನ ಭಂಗಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಬೆನ್ನುನೋವು ಕಡಿಮೆಯಾಗುತ್ತದೆ ಎನಿಸಿದರೆ ಮಾಡಿ. ಇಂಥ ಹೆಚ್ಚಿನ ಮಕ್ಕಳು ಹೆರಿಗೆ ನೋವಿನ ವೇಳೆ ತಾವೇ ತಿರುಗುತ್ತವೆ.

*4. ಮಗುವಿನ ತಲೆ ಮೇಲಿದ್ದರೆ:* 36ನೇ ವಾರದ ತಪಾಸಣೆ ತಪ್ಪಿಸಬೇಡಿ. ಕೆಲವರಲ್ಲಿ ಡಾಕ್ಟರು ಆಸ್ಪತ್ರೆಯಲ್ಲೇ ಹೊಟ್ಟೆಯ ಮೇಲಿಂದ ಕೈಯಿಂದ ಮಗುವನ್ನು ತಿರುಗಿಸಲು ಸಾಧ್ಯ. ಮನೆಯಲ್ಲಿ ಯಾರಿಂದಲೂ ಹೊಟ್ಟೆ ತಿಕ್ಕಿಸಿಕೊಳ್ಳಬೇಡಿ.

*ತಡ ಮಾಡದೆ ಆಸ್ಪತ್ರೆಗೆ ಹೋಗಿ:*
🔴 ಮಗುವಿನ ಓಡಾಟ ಕಡಿಮೆಯಾದರೆ
🔴 ಎದೆನೋವು ಬಂದರೆ, ಪ್ರಜ್ಞೆ ತಪ್ಪಿದರೆ
🔴 ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವಂತಾದರೆ. ಇದು ಹೃದಯ ಸೋಲುತ್ತಿರುವ ಲಕ್ಷಣವೂ ಆಗಿರಬಹುದು, 'ಬಸುರಿಯಲ್ಲಿ ಇದೆಲ್ಲ ಸಹಜ' ಎಂದು ಬಿಡಬೇಡಿ.

ಆ ತಾಯಿ ಮಗ್ಗುಲಾಗಿ ಮಲಗಲು ಶುರು ಮಾಡಿದ ಮೇಲೆ ತಲೆಸುತ್ತು ನಿಂತಿತು. ಔಷಧಿ ಬೇಕಾಗಲಿಲ್ಲ.

ಮನೆಯ ಹಿರಿಯರಲ್ಲಿ ಒಂದು ವಿನಂತಿ. ಮಗು ತಿರುಗದಿದ್ದರೆ, ಸಿಸೇರಿಯನ್ ಆದರೆ, "ನೀನು ಸರಿಯಾಗಿ ಕೂರಲಿಲ್ಲ" ಎಂದು ಅವಳನ್ನು ದೂರಬೇಡಿ. ಅದು ಅವಳ ತಪ್ಪಲ್ಲ.

ನಿಮ್ಮ ಬಳಗದಲ್ಲಿ ಗರ್ಭಿಣಿಯರಿದ್ದರೆ ಇದನ್ನು ತಲುಪಿಸಿ 🙏