ಆ ಬೆಲೆಗೆ ಬೇಡ

ಪ್ರಶ್ನೆ: ಸಿಂದಗಿಯಲ್ಲಿ ನಾಲ್ಕನೇ ಪೀಳಿಗೆಯ ಐ5 ಡೆಸ್ಕ್‌ಟಾಪ್‌ಗೆ 12,000 ರೂಪಾಯಿ ಹೇಳುತ್ತಿದ್ದಾರೆ. ಮಗಳ ಓದಿಗೆ ಕೊಳ್ಳಲೇ?

ಉತ್ತರ: ಆ ಬೆಲೆಗೆ ಖಂಡಿತ ಬೇಡ. ಆ ಪೀಳಿಗೆ ಮಾರುಕಟ್ಟೆಗೆ ಬಂದದ್ದು 2013ರಲ್ಲಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಅಧಿಕೃತವಾಗಿ ಇಂಟೆಲ್‌ನ ಎಂಟನೇ ಪೀಳಿಗೆಯಾದರೂ ಬೇಕು. ವಿಜಯಪುರದ ಅಂಗಡಿಗಳಲ್ಲಿ ಅಂಥದರ ಬೆಲೆ ವಿಚಾರಿಸಿ, ಹೋಲಿಸಿ ನೋಡಿ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರಲಿ. ದುಡ್ಡು ಕೊಡುವ ಮೊದಲು ಕ್ಯಾಬಿನೆಟ್ ಬಿಚ್ಚಿಸಿ: ಉಬ್ಬಿದ ಕೆಪಾಸಿಟರ್, ಫ್ಯಾನಿನಲ್ಲಿ ದಟ್ಟ ಧೂಳು ಕಂಡರೆ ಬಿಟ್ಟುಬಿಡಿ. ಅರ್ಧ ಗಂಟೆ ವಿಡಿಯೊ ಓಡಿಸಿ. ತಾನಾಗಿ ಆರಿದರೆ ಕೊಳ್ಳಲೇಬೇಡಿ. ಡೆಸ್ಕ್‌ಟಾಪ್‌ಗೆ ಬ್ಯಾಟರಿ ಇಲ್ಲ. ಕರೆಂಟ್ ಹೋದಾಗ ಮಗಳ ಕೆಲಸ ಉಳಿಯಲು ಯುಪಿಎಸ್ ಬೇಕು. ಅದರ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ವಾರಂಟಿಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.