ಮಾಡತಕ್ಕ ಕೆಲಸಗಳ ಪಟ್ಟಿ

ಗೃಹಿಣಿಗೆ ಮನೆಯವರ ಕೆಲಸಗಳೆಲ್ಲ ನೆನಪಿರುವವು. ತನ್ನ ವ್ಯಾಸಂಗ ಮಾತ್ರ ಮರೆತುಹೋಗುವದು. ಇದಕ್ಕೊಂದು ಉಪಾಯವುಂಟು. 2006ರಲ್ಲಿ ಅಮೇರಿಕೆಯ ಲೇಖಕಿ ಜೀನಾ ಟ್ರಪಾನಿಯವರು ಗಣಕಯಂತ್ರಕ್ಕಾಗಿ ‘ಟೂಡೂ ಟೆಕ್ಸ್ಟ್’ ಎಂಬ ಸಾಧನವನ್ನು ರಚಿಸಿದರು. ಇದರಲ್ಲಿ ಸಾಲಿಗೊಂದೇ ಕೆಲಸ. ಆಜ್ಞೆಗಳು ಇಂಗ್ಲಿಷಿನವು, ಕೆಲಸವನ್ನು ಕನ್ನಡದಲ್ಲಿಯೂ ಬರೆಯಬಹುದು.

ಸಾಧನದ ಹೆಸರಿನ ಮುಂದೆ ‘ಆಡ್’ ಎಂದು ಬೆರಳಚ್ಚಿಸಿ ಕೆಲಸವನ್ನು ಬರೆದರೆ ಅದು ಪಟ್ಟಿಗೆ ಸೇರುವದು. ‘ಲಿಸ್ಟ್’ ಎಂದರೆ ಸಾಲುಗಳು ಅಂಕೆಸಹಿತ ಕಾಣುವವು. ‘ಡೂ’ ಎಂದು ಅಂಕೆ ಕೊಟ್ಟರೆ ಮುಗಿಯಿತೆಂದು ಗುರುತಾಗುವದು. ಸಾಲಿನಲ್ಲಿ ‘@ಚಿಕ್ಕೋಡಿ’ ಎಂದು ಸೇರಿಸಿಟ್ಟರೆ, ರಾಯಬಾಗ ಅಥಣಿಗಳಿಂದ ಅಲ್ಲಿಗೆ ಹೊರಡುವ ದಿನ ಆ ಊರಿನ ಕೆಲಸಗಳನ್ನಷ್ಟೇ ಕೇಳಿ ನೋಡಬಹುದು. ಎರಡನೆಯ ಪ್ರಯಾಣ ತಪ್ಪುವದು.

‘ಪ್ರಿ’ ಎಂಬ ಆಜ್ಞೆಯಿಂದ ‘ಎ’ ಗುರುತು ಪಡೆದ ಕೆಲಸವು ಪಟ್ಟಿಯ ತಲೆಗೆ ಬರುವದು. ವಾರಕ್ಕೊಂದು ದಿನವಾದರೂ ಆ ಸ್ಥಾನವು ನಿಮ್ಮ ಓದಿಗಿರಲಿ.